ಮೂಲೆಯಲ್ಲಿರುವ ಕಂಟ್ರೋಲ್ ಕೀ

ಫೆಬ್ರವರಿ 10, ಸೋಮವಾರ

ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಒಂದೇ ಬೆರಳು. ದಿನಕ್ಕೆ ಐದು ಸಾಲು ಅಂತ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹೇಳಿದ್ದಾರೆ. ಏನು ಬರೆಯಲಿ ಅಂದೆ. ಏನಾದರೂ, ಯಾರಿಗೂ ತೋರಿಸಬೇಡಿ ಅಂದರು. ಸಾಕು.

ಫೆಬ್ರವರಿ 11, ಮಂಗಳವಾರ

ಲಕ್ವ ಹೊಡೆದು ಎಂಟು ವಾರ. ಮಾತು ವಾಪಸ್ ಬಂತು, ಕಾಲು ಬಂತು. ಬಲಗೈ ಬರಲಿಲ್ಲ. ಬೇರೆಯವರು ಕೈಕೊಟ್ಟರೆ ಬೈಯಬಹುದು. ಕೈಯೇ ಕೈಕೊಟ್ಟರೆ ಯಾರನ್ನು ಬೈಯೋದು?

ಇವರು ಅಂಗಿ ಗುಂಡಿ ಹಾಕಲು ಬಂದರು. ಮುಟ್ಟಬೇಡಿ ಅಂದೆ. ಇಪ್ಪತ್ತು ನಿಮಿಷ ಹಿಡಿಯಿತು. ಹಾಕಿಕೊಂಡೆ. ಒಂದು ಗುಂಡಿ ಮೇಲೆ ಕೆಳಗೆ ಆಗಿತ್ತು, ಹಾಗೇ ಇರಲಿ ಅಂತ ಬಿಟ್ಟೆ.

ಫೆಬ್ರವರಿ 14, ಶುಕ್ರವಾರ

ಸ್ಕೇಲು ಬಂದಿದ್ದ. ಹನ್ನೊಂದು ವರ್ಷದಿಂದ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲು. ಉದ್ದಕ್ಕೆ, ನೆಟ್ಟಗೆ, ಮಾತಿನಲ್ಲೂ ಒಂದು ಮಿಲಿಮೀಟರ್ ಆಚೀಚೆ ಆಗಲ್ಲ, ಅದಕ್ಕೇ ಆ ಹೆಸರು. ಕುರ್ಚಿಯ ತುದಿಯಲ್ಲಿ ಕೂತು ಒಂದು ಹಾಳೆ ತೆಗೆದ.

ಆಫೀಸಿನ ಹಳೇ ಕಂಪ್ಯೂಟರುಗಳೆಲ್ಲ ಹೋಗುತ್ತವಂತೆ. ವಿಂಡೋಸ್ ಬೇಕೋ ಮ್ಯಾಕ್ ಬೇಕೋ ಗುರುತು ಹಾಕಿ, ಕಾರಣ ಬರೆದು, ಮಾರ್ಚ್ 31ರೊಳಗೆ ಮಾಲೀಕರಿಗೆ ಕೊಡಬೇಕು.

"ಇದರಲ್ಲಿ ಕೇಳೋದೇನಿದೆಯೋ? ವಿಂಡೋಸ್" ಅಂದೆ.

ಅವನು ಹಾಳೆಯ ಮಡಿಕೆ ನೆಟ್ಟಗೆ ಮಾಡಿದ. ಆಮೇಲೆ, "ಮಾಲೀಕರು ನಿಮಗೆ ಮ್ಯಾಕ್ ಅಂತ ಅಂದುಕೊಂಡಂಗಿದೆ ಅಕ್ಕಾ" ಅಂದ.

ಅರ್ಥವಾಯಿತು. ಕೆಳಗಿನ ಹಾಲಿನಲ್ಲಿ ನಾವು ಲಿಫ್ಟ್ ಓಡಾಡುವ ಬಾವಿಗಳ ಡ್ರಾಯಿಂಗ್ ಬರೆಯುವವರು. ಬಾವಿ ಎಷ್ಟು ಅಗಲ, ತಳದ ಗುಂಡಿ ಎಷ್ಟು ಆಳ, ತಲೆ ಮೇಲೆ ಎಷ್ಟು ಜಾಗ, ಎಲ್ಲ. ಅಲ್ಲಿರುವುದೆಲ್ಲ ವಿಂಡೋಸ್. ಮಹಡಿ ಮೇಲೆ ಕ್ಯಾಟಲಾಗ್ ರೂಮು, ಅಲ್ಲಿ ಮ್ಯಾಕ್. ಲಿಫ್ಟಿನ ಒಳಗಿನ ಕನ್ನಡಿ, ದೀಪ, ಹಿಡಿಕೆಗಳ ಬಣ್ಣದ ಚಿತ್ರ ಜೋಡಿಸಿ ಗಿರಾಕಿಗಳಿಗೆ ಕಳಿಸುತ್ತಾರೆ. ಕೆಟ್ಟ ಕೆಲಸ ಅಂತಲ್ಲ. ನನ್ನ ಕೆಲಸ ಅಲ್ಲ.

ಇಪ್ಪತ್ತೆರಡು ವರ್ಷ ಬಾವಿ ಬರೆದವಳನ್ನು ಕನ್ನಡಿ ಅಂಟಿಸೋಕೆ ಕಳಿಸುತ್ತಾರೆ.

ಫೆಬ್ರವರಿ 17, ಸೋಮವಾರ

ನಾನು ಇದನ್ನು ಬರೆಯುತ್ತಿರುವುದು ಮಗಳ ಹಳೇ ಮ್ಯಾಕಿನಲ್ಲಿ. ಕಾಲೇಜಿಗೆ ಬೇರೆ ಕೊಂಡಳು, ಇದು ಮೂಲೆಯಲ್ಲಿ ಬಿದ್ದಿತ್ತು. ಇವತ್ತು ಪಕ್ಕದಲ್ಲಿ ಕೂತು ನನ್ನ ಎಡಗೈಯನ್ನು ಕೀಗಳ ಮೇಲೆ ಇಟ್ಟಳು.

"ಅಮ್ಮಾ, ಕಾಪಿ ಮಾಡು ನೋಡೋಣ."

ಅಭ್ಯಾಸಬಲದಿಂದ ಕಿರುಬೆರಳು ಎಡ ಮೂಲೆಗೆ ಹೋಯಿತು. ಏನೂ ಆಗಲಿಲ್ಲ.

"ಅಲ್ಲಲ್ಲ. ಹೆಬ್ಬೆರಳು. ಸ್ಪೇಸ್ ಪಕ್ಕದಲ್ಲೇ ಇದೆ ನೋಡು, ಕಮಾಂಡ್ ಕೀ. ಅದನ್ನ ಒತ್ತಿಕೊಂಡು ಸಿ."

ಒತ್ತಿದೆ. ಆಯಿತು. ಕೈ ಜಾಗ ಬಿಟ್ಟು ಕದಲಲೇ ಇಲ್ಲ. ಅಂಟಿಸುವುದು, ಅಳಿಸಿದ್ದನ್ನು ವಾಪಸ್ ತರುವುದು, ಉಳಿಸುವುದು, ಎಲ್ಲ ಹೆಬ್ಬೆರಳಿನ ಪಕ್ಕದಲ್ಲೇ. ಕಿಟಕಿ ಮುಚ್ಚುವ ಗುಂಡಿಯೂ ಎಡಗಡೆಯೇ.

"ಎಡಗೈ ಇರೋರಿಗೇ ಮಾಡಿದಂಗಿದೆ ಅಲ್ವಾ? ಮ್ಯಾಕ್ ಅಂತ ಬರೆದುಕೊಟ್ಟುಬಿಡು."

"ನನಗೆ ಬಲಗೈಯೂ ಇದೆ" ಅಂದೆ. ಅವಳ ಮುಖ ಚಿಕ್ಕದಾಯಿತು. ಎದ್ದು ಹೋದಳು. ಹೇಳಬಾರದಿತ್ತು. ಆದರೆ ಇದೆಯಲ್ಲ.

ಫೆಬ್ರವರಿ 20, ಗುರುವಾರ

ಆಫೀಸಿನ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಒಂದನ್ನು ಸ್ಕೇಲಿನ ಕೈಲಿ ತರಿಸಿಕೊಂಡೆ. ನಮ್ಮ ಲೆಕ್ಕದ ಪ್ರೋಗ್ರಾಂ ಇದರಲ್ಲೇ ಓಡುವುದು. ಮಾಲೀಕರ ಭಾವಮೈದ ಯಾವ ಕಾಲದಲ್ಲೋ ಬರೆದದ್ದು. ಎಷ್ಟು ಜನರ ಲಿಫ್ಟು, ಎಷ್ಟು ಮಹಡಿ ಅಂತ ಕೊಟ್ಟರೆ ಗುಂಡಿಯ ಆಳ, ಮೇಲಿನ ಅಂತರ, ಎಲ್ಲ ಹೇಳುತ್ತದೆ. ಡ್ರಾಯಿಂಗ್ ಮ್ಯಾಕಿನಲ್ಲೂ ಬರೆಯಬಹುದು. ಈ ಪ್ರೋಗ್ರಾಂ ಇಲ್ಲದೆ ಬರೆದರೆ ಅದು ಚಿತ್ರ, ಡ್ರಾಯಿಂಗ್ ಅಲ್ಲ.

ಮಗಳು ಹೇಳಿದಳು, ಮ್ಯಾಕಿನ ಒಳಗೇ ವಿಂಡೋಸ್ ಓಡಿಸಬಹುದಂತೆ. ಮಾಲೀಕರು ಅಷ್ಟಕ್ಕೆಲ್ಲ ಒಪ್ಪುವವರಲ್ಲ. ನನಗೂ ಮನೆಯೊಳಗೆ ಇನ್ನೊಂದು ಮನೆ ಕಟ್ಟಿಕೊಂಡು ಬಾಳುವ ಆಸೆಯಿಲ್ಲ.

ಒಂದು ಸಣ್ಣ ಬಾಗಿಲು ಬರೆದೆ. ಮೊದಲು ಎರಡು ನಿಮಿಷದ ಕೆಲಸ. ಮೂವತ್ತೈದು ನಿಮಿಷ. ಎಡಗೈಯಲ್ಲಿ ಮೌಸ್ ಹಿಡಿದರೆ ಕೀ ಒತ್ತುವವರಿಲ್ಲ, ಕೀ ಒತ್ತಿದರೆ ಮೌಸ್ ಅನಾಥ. ಕಂಟ್ರೋಲ್ ಕೀ ಅನ್ನುವುದು ಮೂಲೆಯಲ್ಲಿ ಕೂತು ಬಾ ಬಾ ಅಂತ ಕರೆಯುತ್ತದೆ. ಕಿರುಬೆರಳು ಅಲ್ಲಿಗೆ ಹೋದರೆ ಉಳಿದ ನಾಲ್ಕೂ ದಾರಿ ತಪ್ಪುತ್ತವೆ.

ಎಡಗೈಯಲ್ಲಿ ಮಾಡಿ ಬಿಸಾಕ್ತೀನಿ ಅಂತ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೆನೋ. ಈಗ ಮಾಡು.

ಫೆಬ್ರವರಿ 26, ಬುಧವಾರ

ಹದಿನೆಂಟು ನಿಮಿಷ.

ಮಾರ್ಚ್ 3, ಸೋಮವಾರ

ಆಫೀಸಿಗೆ ಹೋದೆ. ಇವರು ಬಸ್ ಡಿಪೋದ ಪಾಳಿ ಬದಲಾಯಿಸಿಕೊಂಡು ಬಾಗಿಲವರೆಗೆ ಬಂದರು. ಒಳಗೆ ಬರಬೇಡಿ ಅಂದೆ. ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡು ಹಾಲು ದಾಟಿದೆ. ಎಲ್ಲರೂ ಎದ್ದು ನಿಂತರು. ಯಾರಾದರೂ ಸತ್ತಾಗ ನಿಲ್ಲುವ ಹಾಗೆ.

ಮಾಲೀಕರು ಕುರ್ಚಿ ಎಳೆದು ಕೊಟ್ಟರು. ಒಳ್ಳೆಯವರೇ. "ನೀವಿಲ್ಲದೆ ನನಗೆ ಬಲಗೈ ಇಲ್ಲದಂಗೆ..." ಅಂದವರು ಅಲ್ಲೇ ನಾಲಿಗೆ ಕಚ್ಚಿಕೊಂಡರು. ನನಗೆ ನಗು ಬಂತು. ಅವರಿಗೆ ಬೆವರು ಬಂತು.

"ಮೇಲಿನ ರೂಮಿನಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಮ್ಯಾಕ್ ಹಾಕಿಸಿಕೊಡ್ತೀನಿ. ನಿಧಾನಕ್ಕೆ ಮಾಡಿ. ಸಂಬಳ ಅದೇ."

"ನಾನು ಮೆಟ್ಟಿಲು ಹತ್ತಿದ್ರೆ ಇಳಿಯಲ್ಲ ಸಾರ್" ಅಂದೆ.

"ಅಂದ್ರೆ?"

"ಒಂದು ಸಲ ಮೇಲೆ ಕೂತರೆ ಕೆಳಗಿನ ಕೆಲಸ ನನ್ನದಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ನನಗೂ. ಒಂದು ಡ್ರಾಯಿಂಗ್ ಕೊಡಿ. ಹತ್ತು ದಿನ ಕೊಡಿ. ಆಗಲಿಲ್ಲ ಅಂದ್ರೆ ನಾನೇ ಮ್ಯಾಕ್ ಅಂತ ಗುರುತು ಹಾಕಿ ಕೊಡ್ತೀನಿ."

ತುಂಬ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಆಮೇಲೆ ಒಂದು ಕಡತ ತಳ್ಳಿದರು. ನಾಲ್ಕು ಮಹಡಿ, ಆರು ಜನರ ಲಿಫ್ಟು, ಹಳೇ ಕಟ್ಟಡ, ಬಾವಿ ಇಕ್ಕಟ್ಟು. ಸುಲಭದ್ದು ಕೊಡಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮಗಳನ್ನು ಕೇಳಿದೆ, "ಆ ಹೆಬ್ಬೆರಳಿನ ಕೀ ಇದೆಯಲ್ಲ, ಅದನ್ನ ವಿಂಡೋಸಿಗೆ ಕಲಿಸೋಕಾಗಲ್ವಾ?"

ಅವಳು ಅರ್ಧ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಕೂತಳು. ಕೀಗಳ ಜಾಗ ಅದಲುಬದಲು ಮಾಡುವ ಪುಟ್ಟ ಪ್ರೋಗ್ರಾಂ ಇದೆಯಂತೆ, ಬಿಟ್ಟಿ. ಹತ್ತೇ ನಿಮಿಷ. ಸ್ಪೇಸ್ ಪಕ್ಕದ ಆಲ್ಟ್ ಈಗ ಕಂಟ್ರೋಲ್ ಆಯಿತು, ಮೂಲೆಯಲ್ಲಿದ್ದದ್ದು ಆಲ್ಟ್ ಆಯಿತು. ಮೇಲೆ ಗುರುತಿಗೆ ಅವಳ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಳು.

"ಹೆಬ್ಬೆರಳು ಮ್ಯಾಕು, ತಲೆ ವಿಂಡೋಸು" ಅಂದಳು.

"ತಲೆ ನನ್ನದು" ಅಂದೆ. ಇಬ್ಬರೂ ನಕ್ಕೆವು. ಕಾಲೇಜಿಗೆ ತಡವಾಯಿತು ಅಂತ ಓಡಿದಳು, ನನ್ನ ಕೆನ್ನೆಗೆ ಬ್ರೆಡ್ಡಿನ ಪುಡಿ ಅಂಟಿಸಿ.

ಬಾಗಿಲು: ಏಳು ನಿಮಿಷ.

ಮಾರ್ಚ್ 9, ಭಾನುವಾರ

ಅಂಕಿಗಳೇ ತಲೆನೋವು. ಬಲಗಡೆಯ ಅಂಕಿಗಳ ಗುಂಪು ದೂರ, ಮೇಲಿನ ಸಾಲಿನಲ್ಲಿ ಒಂದೇ ಕೈಯಲ್ಲಿ ಒಂಬತ್ತರಿಂದ ಎರಡಕ್ಕೆ ಹಾರಬೇಕು. ಇವರು ಅಂಕಿಗಳಷ್ಟೇ ಇರುವ ಬೇರೆ ಚಿಕ್ಕ ಕೀಬೋರ್ಡು ಸಿಗುತ್ತಂತೆ, ತರಲಾ ಅಂದರು. ಡಿಪೋದ ಟಿಕೆಟ್ ಕೌಂಟರಿನಲ್ಲಿ ನೋಡಿದ್ದಾರಂತೆ. ಬೇಡ ಅಂದೆ. ಈಗ ಹೊಸದೊಂದನ್ನು ಕಲಿಯಲು ದಿನವಿಲ್ಲ. ಇನ್ನು ನಾಲ್ಕೇ ದಿನ.

ಕೂದಲು ಹೆಣೆದುಕೊಟ್ಟರು. ಸೊಟ್ಟ.

ಮಾರ್ಚ್ 12, ಬುಧವಾರ

ಮುಗಿಯಿತು! ಒಂದು ದಿನ ಮೊದಲೇ. ಆಫೀಸಿನ ಹಂಚಿಕೆಯ ಫೋಲ್ಡರಿಗೆ ಹಾಕಿ ಮನೆಗೆ ಬಂದೆ. ಸಂಜೆ ಮಾಲೀಕರೇ ಫೋನ್ ಮಾಡಿದರು. "ಒಂದು ಗೆರೆ ಆಚೀಚೆ ಇಲ್ಲ. ಸೋಮವಾರದಿಂದ ನಿಮ್ಮ ಟೇಬಲ್ಲಿಗೆ ಬನ್ನಿ."

ಇವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. ಮಗಳು ಕುಣಿದಳು. ನಾನು ಕೂತೇ ಇದ್ದೆ. ಒಳಗೆ ಕುಣಿಯುತ್ತಿದ್ದೆ.

ಬೆನ್ನು ನೋಯುತ್ತಿದೆ, ಭುಜ ನೋಯುತ್ತಿದೆ. ನೋಯಲಿ.

ಮಾರ್ಚ್ 14, ಶುಕ್ರವಾರ

ಖುಷಿಗೆ ಇನ್ನೊಮ್ಮೆ ನೋಡೋಣ ಅಂತ ಫೈಲ್ ತೆರೆದೆ. ಕೊನೆಯದಾಗಿ ಉಳಿಸಿದವರು ಅನ್ನುವ ಕಡೆ ಸ್ಕೇಲಿನ ಹೆಸರು. ಬುಧವಾರ ಮಧ್ಯಾಹ್ನ ಮೂರು ನಲವತ್ತು. ನಾನು ಹಾಕಿದ್ದು ಎರಡಕ್ಕೆ.

ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ನೋಡಿದೆ. ಬಾವಿಯ ಮೇಲಿನ ಅಂತರ. ನನ್ನದರಲ್ಲಿ 3400. ಅವನದರಲ್ಲಿ 4300.

4300 ಸರಿ.

ಮಾರ್ಚ್ 15, ಶನಿವಾರ

ಬರೆಯಲ್ಲ.

ಮಾರ್ಚ್ 17, ಸೋಮವಾರ

ಇಷ್ಟು ಉದ್ದ ಇದುವರೆಗೆ ಬರೆದಿಲ್ಲ. ಬರೆದೇ ಮುಗಿಸಬೇಕು.

ಭಾನುವಾರ ಇಡೀ ದಿನ ಅವನನ್ನು ಬೈದೆ, ಮನಸ್ಸಿನಲ್ಲೇ. ನನ್ನನ್ನು ಕೂಸು ಮಾಡಿಬಿಟ್ಟ, ಬಾಯಿಗೆ ತುತ್ತಿಟ್ಟು ನೀನೇ ತಿಂದೆ ಅಂತ ಚಪ್ಪಾಳೆ ಹೊಡೆದ. ಇವತ್ತು ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಅವನು ಬಂದು ಚೀಲ ಇಡುವುದನ್ನೇ ಕಾಯುತ್ತಿದ್ದೆ.

"ನನ್ನ ಫೈಲಿನಲ್ಲಿ ನಿನ್ನ ಹೆಸರು ಯಾಕಿದೆ?"

ಅವನು ಚೀಲ ಕೆಳಗಿಡಲೇ ಇಲ್ಲ. "4300 ಇರಬೇಕಾದ ಕಡೆ 3400 ಇತ್ತು ಅಕ್ಕಾ."

"ನನಗೆ ಹೇಳೋಕೆ ಬಾಯಿ ಬರಲಿಲ್ವಾ?"

"ಹೇಳಿದ್ರೆ ನೀವು ಅಳ್ತಿದ್ರಿ."

"ಹನ್ನೊಂದು ವರ್ಷದಲ್ಲಿ ನಾನು ಇಲ್ಲಿ ಅತ್ತಿದ್ದು ನೋಡಿದ್ದೀಯಾ?"

"ಇಲ್ಲ. ಅದಕ್ಕೇ ಹೆದರಿಕೆಯಾಯ್ತು."

ಅವನೇ ಮುಂದುವರಿಸಿದ, ಮೆಲ್ಲಗೆ. "ಹಂಗೇ ಬಿಟ್ಟಿದ್ರೆ ಏನಾಗ್ತಿತ್ತು ಅಂತ ನಿಮಗೆ ನಾನು ಹೇಳಬೇಕಾ?"

ಬೇಕಿಲ್ಲ. ಲಿಫ್ಟಿನ ತಲೆ ಮೇಲೆ ನಿಂತು ಎಣ್ಣೆ ಬಿಡುವ ಮನುಷ್ಯ ಇರುತ್ತಾನೆ. ಲಿಫ್ಟು ತೀರ ಮೇಲಕ್ಕೆ ಹೋದಾಗ ಅವನು ಕುಕ್ಕರುಗಾಲಲ್ಲಿ ಕೂತಾದರೂ ಉಳಿಯಬೇಕು, ಆ ಜಾಗ ಅದು. ಅದರಲ್ಲಿ ಒಂಬೈನೂರು ಮಿಲಿಮೀಟರ್ ನಾನು ನುಂಗಿದ್ದೆ. ಬೆರಳು ಮೂರನ್ನು ಮೊದಲು ಒತ್ತಿತು, ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

"ತಿದ್ದಿದ್ದು ಸರಿ. ಮುಚ್ಚಿಟ್ಟಿದ್ದು ತಪ್ಪು" ಅಂದೆ.

"ಹೌದು" ಅಂದ. ಒಂದು ಮಿಲಿಮೀಟರ್ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಎದ್ದು ಮಾಲೀಕರ ರೂಮಿಗೆ ಹೋದೆ. ಅವನು ಹಿಂದೆಯೇ, "ಬೇಡ ಅಕ್ಕಾ, ಬೇಡ" ಅಂತ ಬಂದ. ಎರಡೂ ಪ್ರತಿ ಟೇಬಲ್ಲಿನ ಮೇಲಿಟ್ಟು ಬೆರಳು ತೋರಿಸಿದೆ. ಮಾಲೀಕರು ಕನ್ನಡಕ ಹಾಕಿಕೊಂಡರು, ತೆಗೆದರು.

"ನಾನು ಒಪ್ಪಿಕೊಂಡಾಗಿತ್ತಲ್ಲ. ಈಗ ಯಾಕೆ ಹೇಳ್ತಿದ್ದೀರಿ?"

"ನೀವು ಒಪ್ಪಿಕೊಂಡಿದ್ದು ನನ್ನ ಕೆಲಸವನ್ನಲ್ಲ ಸಾರ್."

ಸ್ಕೇಲಿನ ಕಡೆ ನೋಡಿದರು. ಅವನು ಗೋಡೆ ನೋಡುತ್ತಿದ್ದ.

"ಹಾಗಾದ್ರೆ ಮೇಲಿನ ರೂಮು?" ಅಂದರು, ಮೆತ್ತಗೆ.

"ಇನ್ನೊಂದು ಡ್ರಾಯಿಂಗ್" ಅಂದೆ. "ಈ ಸಲ ಇವನು ನೋಡಲಿ, ಆದರೆ ಎಲ್ಲರ ಎದುರು ನೋಡಲಿ. ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ನನ್ನ ಟೇಬಲ್ಲಿಗೆ ತರಲಿ. ತಿದ್ದೋದು ನಾನು. ಎಷ್ಟು ತಪ್ಪು ಅಂತ ನೀವೂ ಎಣಿಸಿ."

"ಜಾಸ್ತಿ ಆದ್ರೆ?"

"ಮೆಟ್ಟಿಲು ಹತ್ತುತ್ತೀನಿ."

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಇವರು, "ಕೈಗೆ ಬಂದ ತುತ್ತನ್ನ ವಾಪಸ್ ಕೊಟ್ಟು ಬಂದೆ ಅನ್ನು" ಅಂದರು. ಬೈಗುಳ ಅಂದುಕೊಂಡೆ. ನೋಡಿದರೆ ನಗುತ್ತಿದ್ದರು. ಅಂಕಿಗಳ ಕೀಬೋರ್ಡು ತನ್ನಿ ಅಂದೆ. "ಆವತ್ತೇ ತಂದಿಟ್ಟಿದ್ದೀನಿ" ಅಂತ ಕಪಾಟಿನಿಂದ ತೆಗೆದುಕೊಟ್ಟರು.

ಮಾರ್ಚ್ 20, ಗುರುವಾರ

ಹೊಸ ಡ್ರಾಯಿಂಗು ಮೂರು ಮಹಡಿಯ ಚಿಕಿತ್ಸಾಲಯದ್ದು. ಹಾಸಿಗೆ ಸಮೇತ ರೋಗಿಯನ್ನು ಒಯ್ಯುವ ಲಿಫ್ಟು. ಬಾವಿ ಆಳವಾಗಿ, ಅಗಲವಾಗಿ.

ಅಂಕಿಗಳ ಕೀಬೋರ್ಡನ್ನು ಎಡಗಡೆಯಲ್ಲಿಟ್ಟುಕೊಂಡೆ, ಅದರ ಪಕ್ಕ ಮೌಸ್. ಬಲಗೈಯನ್ನು ಮೇಜಿನ ಮೇಲೆ ಹಾಳೆಗಳ ಮೇಲಿಟ್ಟೆ. ಫ್ಯಾನಿಗೆ ಹಾಳೆ ಹಾರುವುದು ನಿಂತಿತು. ಅಷ್ಟಾದರೂ ದುಡಿಯಲಿ.

ಇನ್ನೊಂದು ಶುರುಮಾಡಿದ್ದೇನೆ. ಅಂಕಿ ಒತ್ತುವಾಗ ಬಾಯಲ್ಲಿ ಜೋರಾಗಿ ಹೇಳುತ್ತೇನೆ. "ಎರಡು ಸಾವಿರದ ನಾನೂರು." ಪಕ್ಕದಿಂದ ಸ್ಕೇಲು ತಲೆ ಎತ್ತದೆ, "ಎರಡು ಸಾವಿರದ ನಾನೂರು" ಅನ್ನುತ್ತಾನೆ. ಮೊದಲ ದಿನ ಹಾಲಿನಲ್ಲಿ ಎಲ್ಲ ನಕ್ಕರು. ಇವತ್ತು ಕಿಟಕಿ ಪಕ್ಕದವನೂ ತನ್ನ ಅಂಕಿಗಳನ್ನು ಜೋರಾಗಿ ಹೇಳುತ್ತಿದ್ದ. ಸಂತೆ ಆಗಿದೆ ಅಂತ ಮಾಲೀಕರು ಬಾಗಿಲು ಹಾಕಿಕೊಂಡರು.

ಶಾಲು ಆಫೀಸಿನಲ್ಲೇ ಮರೆತು ಬಂದಿದ್ದೇನೆ. ನಾಳೆ ತರಬೇಕು.

ಮಾರ್ಚ್ 25, ಮಂಗಳವಾರ

ಮ್ಯಾಕು ಮನೆಯಲ್ಲಿ ಬೇಕೇ ಬೇಕಾಗಿದೆ. ಕರೆಂಟ್ ಬಿಲ್ಲು ಕಟ್ಟಲು, ಫೋಟೋ ನೋಡಲು, ಇದನ್ನು ಬರೆಯಲು. ಇವರಿಗೂ ಕಲಿಸಿದೆ. ಡಿಲೀಟ್ ಅಂತ ಬರೆದ ಕೀ ಹಿಂದಕ್ಕೆ ಅಳಿಸುತ್ತದೆ ಅಂತ ಹತ್ತು ಸಲ ಹೇಳಿದೆ. ಹನ್ನೊಂದನೇ ಸಲ, "ಇದು ಮ್ಯಾಕೋ ಮಾಯಾಪೆಟ್ಟಿಗೆಯೋ" ಅಂದರು. ಬಸ್ಸಿಗಿಂತ ಸುಲಭ ಅಂದೆ. "ಬಸ್ಸಿಗೆ ಹಾರ್ನ್ ಆದರೂ ಇರುತ್ತೆ."

ಒಂದೇ ಸಾಲನ್ನು ಒಬ್ಬರಾದ ಮೇಲೆ ಒಬ್ಬರು ಟೈಪ್ ಮಾಡಿ ನೋಡಿದೆವು. ನಾನೇ ಬೇಗ.

ಮಾರ್ಚ್ 27, ಗುರುವಾರ

ಡ್ರಾಯಿಂಗನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿ ಸ್ಕೇಲಿನ ಟೇಬಲ್ಲಿನ ಮೇಲೆ ಹರಡಿದೆ. ಮಾಲೀಕರು ಬಂದು ನಿಂತರು. ಅವನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಎಡ ಮೂಲೆಯಿಂದ ಶುರು ಮಾಡಿದ. ನಲವತ್ತು ನಿಮಿಷ. ನಾನು ನೀರು ಕುಡಿದೆ, ಪೆನ್ಸಿಲ್ ಚೂಪು ಮಾಡಿದೆ. ಎಲ್ಲ ಆಮೇಲೆ ನೆನಪಾಗುತ್ತಿದೆ, ಯಾವ ಕೈಯಲ್ಲಿ ಹೇಗೆ ಮಾಡಿದೆನೋ.

ಎರಡು ಕಡೆ ಕೆಂಪು ಸುತ್ತು ಹಾಕಿದ. ಒಂದು, ಬಾಗಿಲಿನ ಅಂಚಿನ ಗೆರೆ ದಪ್ಪ ಇರಬೇಕಾದದ್ದು ತೆಳ್ಳಗಿದೆ. ಇನ್ನೊಂದು, ಎರಡನೇ ಮಹಡಿಯ ಎತ್ತರ ಬರೆಯುವುದೇ ಬಿಟ್ಟುಹೋಗಿದೆ.

"ಅಂಕಿಗಳು?" ಅಂದರು ಮಾಲೀಕರು.

"ಎಲ್ಲ ಸರಿ."

"ಈ ಎರಡು ತಪ್ಪು ಜಾಸ್ತಿಯೋ ಕಮ್ಮಿಯೋ?"

ಸ್ಕೇಲು ಪೆನ್ನಿಗೆ ಮುಚ್ಚಳ ಹಾಕಿದ. "ಹೋದ ತಿಂಗಳು ನನ್ನದರಲ್ಲಿ ಐದಿತ್ತು ಸಾರ್. ನೋಡೋಕೆ ಅಕ್ಕ ಇರಲಿಲ್ಲ."

ಅಲ್ಲೇ ಕೂತು ತಿದ್ದಿದೆ. ಹದಿಮೂರು ನಿಮಿಷ. ಡ್ರಾಯಿಂಗಿನ ಬಲ ಕೆಳಮೂಲೆಯಲ್ಲಿ ಎರಡು ಚೌಕ ಇರುತ್ತವೆ, ಬರೆದವರು ಮತ್ತು ಪರಿಶೀಲಿಸಿದವರು. ಹದಿನೈದು ವರ್ಷದಿಂದ ಹೆಚ್ಚಾಗಿ ಎರಡನೆಯದರಲ್ಲೇ ಸಹಿ ಹಾಕುತ್ತಿದ್ದೆ. ಇವತ್ತು ಮೊದಲನೆಯದರಲ್ಲಿ ಹಾಕಿದೆ, ಎಡಗೈಯ ಸಹಿ, ಅಕ್ಷರಗಳೆಲ್ಲ ಬೆಟ್ಟ ಹತ್ತಿದಂತೆ. ಹಾಳೆ ಅವನ ಕಡೆ ತಿರುಗಿಸಿದೆ. ಪರಿಶೀಲಿಸಿದವರು ಅನ್ನುವ ಚೌಕದಲ್ಲಿ ಅವನು ಹಾಕಿದ ಸಹಿ ಗೆರೆ ದಾಟಿ ಹೊರಗೆ ಹೋಯಿತು. ಎರಡೂ ಕೈ ಸರಿಯಿರುವವನು!

"ಅಳ್ತೀಯೇನೋ?" ಅಂದೆ.

"ಇಲ್ಲ ಅಕ್ಕಾ."

ಆದರೆ ಮುಖ ತೊಳೆಯಲು ಹೋದ. ನಾನೂ ಹೋದೆ, ಇನ್ನೊಂದು ಕಡೆಗೆ.

ಮಾರ್ಚ್ 31, ಸೋಮವಾರ

ಹಾಳೆ ತುಂಬಿಸಿ ಕೊಟ್ಟೆ. ವಿಂಡೋಸ್. ಕಾರಣ ಅನ್ನುವ ಕಡೆ ಮೂರು ಸಾಲು ಜಾಗ ಇತ್ತು. ಮ್ಯಾಕ್ ಒಳ್ಳೆಯದು, ಮನೆಯಲ್ಲಿ ಅದನ್ನೇ ಬಳಸುತ್ತೇನೆ, ಇಲ್ಲಿ ನನ್ನ ಕೆಲಸ ವಿಂಡೋಸಿನಲ್ಲಿದೆ ಅಂತ ಬರೆದೆ. ಜೊತೆಗೆ ಎಡಗಡೆಯ ಮೌಸ್, ಬೇರೆ ಅಂಕಿಗಳ ಕೀಬೋರ್ಡು, ಕೀ ಜಾಗ ಬದಲಿಸಲು ಅನುಮತಿ ಅಂತ ಕೆಳಗೆ ಸೇರಿಸಿದೆ. ಇನ್ನೂ ಬೇಕಿದ್ದರೆ ಕೇಳುತ್ತೇನೆ ಅಂತಲೂ. ಮಾಲೀಕರು ಓದಿ, "ಮೂರು ಸಾಲಿನ ಜಾಗಕ್ಕೆ ಆರು ಸಾಲು ಬರೆದಿದ್ದೀರಿ" ಅಂದರು.

ಮಧ್ಯಾಹ್ನ ಚಿಕಿತ್ಸಾಲಯದ ಕಟ್ಟಡದಿಂದ ಮೇಸ್ತ್ರಿ ಫೋನ್ ಮಾಡಿದ. ಹಿಂದೆ ಯಂತ್ರದ ಗಡಗಡ.

"ಡ್ರಾಯಿಂಗ್ ಬರೆದೋರು ಯಾರು?"

"ನಾನೇ. ಹೇಳಿ."

"ಮೇಡಂ, ನಮ್ಮ ಹುಡುಗರು ಕೇಳ್ತಿದ್ದಾರೆ. ಗುಂಡಿ ಇಷ್ಟು ಆಳ ಯಾಕೆ, ಒಂದಡಿ ಕಮ್ಮಿ ಮಾಡಿದ್ರೆ ಆಗಲ್ವಾ ಅಂತ. ಕೆಳಗೆ ಬಂಡೆ ಸಿಗೋ ಹಂಗಿದೆ."

ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. ಪ್ರೋಗ್ರಾಮಿನಲ್ಲಿ ಇನ್ನೊಂದು ಸಲ ಅಂಕಿ ಕೊಟ್ಟೆ, ಜೋರಾಗಿ ಹೇಳುತ್ತಾ. ಪಕ್ಕದಿಂದ ಅದೇ ಅಂಕಿ ಕೇಳಿಸಿತು. ಉತ್ತರ ಅದೇ ಬಂತು.

"ಒಂದು ಬೆರಳಷ್ಟೂ ಕಮ್ಮಿ ಮಾಡಬೇಡಿ. ಬಂಡೆ ಸಿಕ್ಕರೆ ಒಡೀರಿ."

ಆ ಕಡೆ ಅವನು ಯಾರಿಗೋ ಕೂಗಿ ಹೇಳಿದ. ಆಮೇಲೆ, "ಹಂಗಾದ್ರೆ ನಾಳೆ ಬೆಳಿಗ್ಗೆ ಶುರು ಮಾಡ್ಲಾ ಮೇಡಂ?" ಅಂದ.

"ಅಗೀರಿ" ಅಂದೆ.